ಹಂಚಿನ ಮಾಡಿಗೆ ಫ್ಲಾಟಿನ ಲೈಟು ಹೊಂದುವುದಿಲ್ಲ

ಕಾಸರಗೋಡಿನಲ್ಲಿ ಮನೆ ಕಟ್ಟಿಸುವ, ಹಳೆ ಮನೆ ರಿಪೇರಿ ಮಾಡಿಸುವ ಕನ್ನಡಿಗರ ಕಣ್ಣೆದುರು ಈಗ ಲೈಟು ಹಾಕಿಸುವ ಎರಡು ಮಾದರಿಗಳಿವೆ. ಬೆಂಗಳೂರಿನಲ್ಲಿರುವ ಮಗಳೋ ಅಳಿಯನೋ ಫೋನಿಗೆ ಕಳಿಸುವ ಫ್ಲಾಟಿನ ಚಿತ್ರಗಳು ಒಂದು: ಜಿಪ್ಸಮ್ ಸೀಲಿಂಗು, ಅದರ ಅಂಚಿನಲ್ಲಿ ಅಡಗಿಸಿದ ಸ್ಟ್ರಿಪ್ (ಪಟ್ಟಿಯಂಥ ಎಲ್‌ಇಡಿ), ಸೀಲಿಂಗಿನೊಳಗೆ ಕೂರಿಸಿದ ಸಾಲು ಸಾಲು ಡೌನ್‌ಲೈಟು. ಇನ್ನೊಂದು ಪಕ್ಕದ ಮಲಯಾಳಿ ಮನೆಗಳ ಕ್ರಮ. ಅಲ್ಲಿ ಬೆಳಕು ಹೊರಗಡೆಗೇ ಹೆಚ್ಚು. ಸಿಟೌಟಿನಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ತೂಗುದೀಪ, ಕಂಪೌಂಡಿನ ಉದ್ದಕ್ಕೂ ಪಿಲ್ಲರ್ ಲೈಟು, ಮನೆಯ ಮುಖಕ್ಕೆಲ್ಲ ಗೆರೆಯಂತೆ ಕಾಣುವ ಪ್ರೊಫೈಲ್ ಲೈಟು. ಎರಡೂ ಅವುಗಳ ಜಾಗದಲ್ಲಿ ಚಂದವೇ. ಆದರೆ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಹಂಚಿನ ಮನೆಗೆ ಅವನ್ನು ಹಾಗೆಯೇ ತಂದು ಹಾಕಿದರೆ ದುಡ್ಡು ದಂಡ. ಲೈಟಿನ ಆಕಾರ ಕೊನೆಗೆ ಆರಿಸುವಂಥದ್ದು. ಮಾಡು, ಗೋಡೆ, ನೆಲ, ಮಳೆ ಇವನ್ನು ಮೊದಲು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಫ್ಲಾಟಿನ ಸೀಲಿಂಗು ಒಂಬತ್ತೂವರೆ ಅಡಿಯ ಆಸುಪಾಸು, ಅಚ್ಚ ಬಿಳಿ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಮುಕ್ಕಾಲು ಪಾಲನ್ನು ಅದು ಕೆಳಗೆ ಹಿಂದಿರುಗಿಸುತ್ತದೆ. ಅಡಗಿಸಿದ ಸ್ಟ್ರಿಪ್ ಅಲ್ಲಿ ಕೆಲಸ ಮಾಡುವುದು ಅದರಿಂದಲೇ. ನಮ್ಮ ಚಾವಡಿಯಲ್ಲಿ ಮೇಲೆ ಕಪ್ಪಾದ ಪಕ್ಕಾಸು (ಮಾಡಿನ ಓರೆ ಮರ), ರೀಪು (ಅದರ ಮೇಲಿನ ಅಡ್ಡಪಟ್ಟಿ), ಹಂಚು. ಕೆಳಗೆ ಕೆಂಪು ಸಿಮೆಂಟಿನ ನೆಲ. ಎಷ್ಟೋ ಮನೆಗಳಲ್ಲಿ ಗೋಡೆಯೂ ಗಾರೆ ಮಾಡದ ಕೆಂಪುಕಲ್ಲು. ಮೇಲ್ಮುಖವಾಗಿ ಬಿಟ್ಟ ಬೆಳಕನ್ನು ಮಾಡು ನುಂಗಿಬಿಡುತ್ತದೆ. 12 ಅಡಿಗೆ 14 ಅಡಿಯ ಕೋಣೆ ಎಂದರೆ ಸುಮಾರು 15.6 ಚದರ ಮೀಟರ್. ಕುಳಿತು ಮಾತನಾಡಲು 150 ಲಕ್ಸ್ (ಒಂದು ಚದರ ಮೀಟರಿಗೆ ಬೀಳುವ ಬೆಳಕಿನ ಅಳತೆ) ಬೇಕೆಂದಿಟ್ಟುಕೊಂಡರೆ, ದಾರಿಯಲ್ಲಿ ಪೋಲಾಗುವುದನ್ನೂ ಸೇರಿಸಿ ಬಿಳಿ ಕೋಣೆಗೆ 3600 ಲ್ಯೂಮೆನ್ (ಲೈಟು ಹೊರಬಿಡುವ ಒಟ್ಟು ಬೆಳಕು) ಸಾಕಾದೀತು, ಕೆಂಪು-ಕಪ್ಪು ಕೋಣೆಗೆ 5000ಕ್ಕೂ ಮೇಲೆ ಬೇಕು. ಎಲ್‌ಇಡಿಯಲ್ಲಿ ಒಂದು ವಾಟ್‌ಗೆ ಸುಮಾರು 100 ಲ್ಯೂಮೆನ್ ಎಂದು ಹಿಡಿಯಿರಿ. 50 ವಾಟನ್ನು ನಡುವೆ ಒಂದೇ ಕಡೆ ಸುರಿದರೆ ಕಣ್ಣು ಕುಕ್ಕುತ್ತದೆ, ಮೂಲೆಗಳು ಕತ್ತಲಾಗಿಯೇ ಉಳಿಯುತ್ತವೆ. 10-11 ವಾಟಿನಂತೆ ಐದು ಕಡೆ ಹಂಚಿ: ಮೂರು ಗೋಡೆಗೆ, ಎರಡು ತೂಗಿಬಿಟ್ಟದ್ದು, ಎಲ್ಲವೂ ಬೆಳಕನ್ನು ಕೆಳಕ್ಕೆ ಅಥವಾ ಗೋಡೆಗೆ ಬಿಡುವಂಥವು.

ಹಂಚಿನ ಕೆಳಗೆ ಜಿಪ್ಸಮ್ ಹಾಕಿಸಿ ಫ್ಲಾಟಿನಂತೆಯೇ ಮಾಡಿಸುತ್ತೇವೆ ಎನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಮಂಗ ಒಂದು ಹಂಚು ಸರಿಸಿದರೆ ಸಾಕು, ಆಷಾಢದಲ್ಲಿ ಬೋರ್ಡು ಉಬ್ಬಿ ಕಪ್ಪು ಬೂಸ್ಟು ಹಿಡಿಯುತ್ತದೆ. ಬೇಸಗೆಯಲ್ಲಿ ಹಂಚಿಗೂ ಬೋರ್ಡಿಗೂ ನಡುವೆ ಕಟ್ಟಿಕೊಂಡ ಸೆಕೆ ಲೈಟಿನ ಡ್ರೈವರನ್ನು, ಅಂದರೆ ಎಲ್‌ಇಡಿಗೆ ಬೇಕಾದಂತೆ ಕರೆಂಟು ಕೊಡುವ ಪೆಟ್ಟಿಗೆಯನ್ನು, ಸುಡುತ್ತದೆ. ಡ್ರೈವರಿನೊಳಗಿನ ಕೆಪಾಸಿಟರ್ ಬಿಸಿ 10 ಡಿಗ್ರಿ ಏರಿದರೆ ಅದರ ಆಯುಸ್ಸು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ‘ಎಲ್‌ಇಡಿ ಹೋಯಿತು’ ಎಂದು ನಾವು ಎಸೆಯುವ ಲೈಟುಗಳಲ್ಲಿ ಬಹಳಷ್ಟು ಡ್ರೈವರ್ ಮಾತ್ರ ಸತ್ತವು.

ತೂಗುದೀಪವನ್ನು ರೀಪಿಗೆ ಕಟ್ಟಬಾರದು. ನಾಲ್ಕೈದು ಕಿಲೋ ಭಾರವನ್ನು ತೊಲೆಯೇ ಹೊರಬೇಕು. ತೊಲೆಗೆ ಸುತ್ತು ಪಟ್ಟಿ ಹಾಕಿ ಕೊಕ್ಕೆ ಇಳಿಸಿ. ವಯರು ಪೂರ್ತಿ ಪೈಪಿನೊಳಗೇ ಹೋಗಲಿ, ಏಕೆಂದರೆ ಪಕ್ಕಾಸಿನ ಮೇಲೆ ಇಲಿಯ ಓಡಾಟ ತಪ್ಪಿದ್ದಲ್ಲ. ಜನ ಓಡಾಡುವ ಕಡೆ ನೆಲದಿಂದ ಏಳು ಅಡಿ ಬಿಡಬೇಕು. ಊಟದ ಮೇಜಿನ ಮೇಲಾದರೆ ಮೇಜಿನಿಂದ 30ರಿಂದ 34 ಇಂಚು. ಲೈಟಿನ ಅಗಲ ಮೇಜಿನ ಅಗಲದ ಅರ್ಧದಿಂದ ಮೂರರಲ್ಲಿ ಎರಡು ಪಾಲು. ಸಿಟೌಟಿಗೆ ಚೈನಿನ ಲೈಟು ಬೇಡ, ಗಟ್ಟಿ ರಾಡಿನದ್ದು ತನ್ನಿ. ಮಳೆಗಾಲದ ಪಡುಗಾಳಿಗೆ ಚೈನು ತೂಗಿ ತೂಗಿ ವಯರಿನ ಬುಡ ಸವೆಯುತ್ತದೆ.

ಫ್ಯಾನಿನ ವಿಷಯ ಚಿತ್ರಗಳಲ್ಲಿ ಎಲ್ಲೂ ಕಾಣುವುದಿಲ್ಲ, ನಮ್ಮಲ್ಲಿ ಫ್ಯಾನಿಲ್ಲದ ಕೋಣೆಯಿಲ್ಲ. ರೆಕ್ಕೆಯ ಮೇಲುಗಡೆ ಲೈಟಿದ್ದರೆ ಬೆಳಕು ಕತ್ತರಿಸಿ ಕೋಣೆಯಿಡೀ ಮಿಣಮಿಣ ಎನ್ನುತ್ತದೆ, ಅರ್ಧ ಗಂಟೆಯಲ್ಲಿ ತಲೆನೋವು. 1200 ಮಿಲಿಮೀಟರ್ ಫ್ಯಾನಿನ ನಡುವಿನಿಂದ ರೆಕ್ಕೆಯ ತುದಿಗೆ ಎರಡಡಿ. ಆ ವೃತ್ತದಿಂದ ಕನಿಷ್ಠ ಒಂದೂವರೆ ಅಡಿ ಹೊರಗೆ, ರೆಕ್ಕೆಯ ಮಟ್ಟಕ್ಕಿಂತ ಕೆಳಗೆ ಲೈಟು ಬರಬೇಕು. ಆರೂವರೆ ಅಡಿ ಎತ್ತರದ ವಾಲ್ ಲೈಟು ಇದಕ್ಕೆ ಸುಲಭದ ದಾರಿ.

ಬಣ್ಣದ ಮಟ್ಟಿಗೆ ಬೆಂಗಳೂರಿನವರ ಕ್ರಮವೇ ಸರಿ. ನಮ್ಮ ಕಡೆ, ಗಡಿಯ ಎರಡೂ ಭಾಷೆಯವರಲ್ಲಿ, 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಹಳದಿ) ಬಿಳಿ ಬೆಳಕಿನ ಮೋಹ ಇನ್ನೂ ಬಿಟ್ಟಿಲ್ಲ. ಆ ಬೆಳಕಿನಲ್ಲಿ ಹಲಸಿನ ಮರದ ಬಾಗಿಲು ಬೂದಿ ಬಣ್ಣಕ್ಕೆ ತಿರುಗುತ್ತದೆ, ಕೆಂಪು ನೆಲ ಕಳೆಗುಂದುತ್ತದೆ. ಚಾವಡಿ, ಸಿಟೌಟು, ಮಲಗುವ ಕೋಣೆ, ದೇವರ ಕೋಣೆಗೆ 2700ರಿಂದ 3000, ಅಡುಗೆಮನೆಗೆ 4000. ಒಂದೇ ನೋಟಕ್ಕೆ ಸಿಗುವ ಲೈಟುಗಳೆಲ್ಲ ಒಂದೇ ಕೆಲ್ವಿನ್ ಇರಲಿ. ಪೆಟ್ಟಿಗೆಯ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಂಕ) ಎಷ್ಟೆಂದು ಓದಿ: 80 ಸಾಮಾನ್ಯ, ಅಡುಗೆಕಟ್ಟೆಗೆ ಮತ್ತು ಕನ್ನಡಿಯ ಹತ್ತಿರಕ್ಕೆ 90 ಕೇಳಿ ತೆಗೆದುಕೊಳ್ಳಿ. ಕುಂಕುಮದ ಕೆಂಪು, ಮೀನು ತಾಜಾ ಹೌದೋ ಅಲ್ಲವೋ ಎಂಬುದು ತಿಳಿಯುವುದು ಅಲ್ಲಿ. ಕನ್ನಡಿಗೆ ಮೇಲಿಂದ ಒಂದು ಲೈಟು ಹಾಕುವುದಕ್ಕಿಂತ ಮುಖದ ಎತ್ತರಕ್ಕೆ ಎರಡೂ ಬದಿಯಲ್ಲಿ ಹಾಕಿ, ಕಣ್ಣಿನ ಕೆಳಗೆ ನೆರಳು ಬೀಳುವುದಿಲ್ಲ.

ಅಂಗಡಿಯಲ್ಲಿ ಮೂರು ಬಣ್ಣದ ಲೈಟನ್ನು ಬಹಳ ಹೊಗಳಿ ಮಾರುತ್ತಾರೆ. ಸ್ವಿಚ್ಚು ಆರಿಸಿ ಹಾಕಿದಾಗ ಬಣ್ಣ ಬದಲಾಗುವಂಥದ್ದು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಎಷ್ಟೋ ಸಲ ಅದು ತಾನೇ ಬಣ್ಣ ಬದಲಿಸುತ್ತದೆ, ಸಾಲಿನ ಆರರಲ್ಲಿ ಎರಡು ಹಳದಿ, ನಾಲ್ಕು ಬಿಳಿ ಎಂಬ ಅವಸ್ಥೆ. ಲೈಟಿನ ಮೈಮೇಲೆಯೇ ಜಾರುಗುಂಡಿಯಿಂದ ಬಣ್ಣ ನಿಲ್ಲಿಸುವ ಬಗೆಯಾದರೆ ತೊಂದರೆಯಿಲ್ಲ.

ಹೊರಗಿನ ಬೆಳಕನ್ನು ಕೇರಳದ ಮನೆಗಳಷ್ಟು ಪ್ರೀತಿಯಿಂದ ಬೇರೆ ಕಡೆ ಮಾಡಿದ್ದು ಕಡಿಮೆ. ನಡುಮುತ್ತಂ ಎನ್ನುವ ಒಳಂಗಳಕ್ಕೆ ಒಂದೇ ಸಣ್ಣ ಬೆಳಕು ಬಿಟ್ಟು ಸುತ್ತಲಿನ ಕಂಬಗಳನ್ನು ಎತ್ತಿ ತೋರಿಸುವ ಬಗೆ ನಮ್ಮ ಅಂಗಳಕ್ಕೂ ತುಳಸಿಕಟ್ಟೆಗೂ ಚೆನ್ನಾಗಿ ಒಪ್ಪುತ್ತದೆ. ಕೆಡುವುದು ಮಾತ್ರ ಮಳೆಯಲ್ಲಿ. ಜೂನಿನಲ್ಲಿ ಕೆಟ್ಟ ಒಂದು ಗೇಟ್ ಲೈಟನ್ನು ಬಿಚ್ಚಿ ನೋಡಿದರೆ ಕಾರಣ ಅಲ್ಲೇ ಇರುತ್ತದೆ. ಮುಚ್ಚಳದ ರಬ್ಬರು ಗಟ್ಟಿಯಾಗಿ ಬಿರಿದಿದೆ, ಸ್ಕ್ರೂ ತುಕ್ಕು ಹಿಡಿದು ಕೆಂಪಗಿದೆ, ಬುಡದಲ್ಲಿ ಎರಡು ಚಮಚ ನೀರು, ಅದರಲ್ಲಿ ಮಳೆಹುಳದ ರೆಕ್ಕೆಗಳ ರಾಶಿ. ನೀರು ಇಳಿದದ್ದು ಹೆಚ್ಚಾಗಿ ಗಾಜಿನ ಕಡೆಯಿಂದ ಅಲ್ಲ, ವಯರು ಒಳಹೋಗುವ ತೂತಿನಿಂದ. ಕಂಬದ ಮೇಲಿನಿಂದ ಬಂದ ವಯರಿನ ಗುಂಟ ಮಳೆನೀರು ನೇರ ಒಳಗೆ ಹರಿಯುತ್ತದೆ. ಅದಕ್ಕೆ ವಯರು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಲೈಟಿಗೆ ಸೇರುವ ಮೊದಲು ಒಂದು ಇಳಿಬಾಗು ಕೊಡಬೇಕು, ತೂತಿಗೆ ರಬ್ಬರ್ ಗ್ಲ್ಯಾಂಡ್ ಬಿಗಿಯಬೇಕು. ಲೈಟಿನ ಮೇಲಿನ ಐಪಿ ಅಂಕಿ ದೂಳು, ನೀರು ಎಷ್ಟು ತಡೆಯುತ್ತದೆಂದು ಹೇಳುತ್ತದೆ: ಮಳೆ ನೇರ ಹೊಡೆಯುವ ಕಡೆ ಐಪಿ 65, ಮಾಡಿನ ಇಳಿಜಾರಿನ ಕೆಳಗಾದರೆ ಐಪಿ 44 ಸಾಕು. ಎರಡನೆಯ ಅಂಕಿಯೇ ನೀರಿನದ್ದು.

ಇಲ್ಲಿ ಇನ್ನೊಂದು ತೊಡಕಿದೆ. ಒದ್ದೆಯಾದ ಒಂದು ಗೇಟ್ ಲೈಟು ಭೂಮಿಗೆ ಕರೆಂಟು ಸೋರಿಸಿದರೆ, ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಇಎಲ್‌ಸಿಬಿ ಬಿದ್ದು ಮನೆಯಿಡೀ ಕತ್ತಲು. ಮಧ್ಯರಾತ್ರಿ ಯಾವ ಲೈಟೆಂದು ಹುಡುಕುವುದು ಯಾರಿಂದಾದೀತು? ಹೊರಗಿನ ಲೈಟುಗಳಿಗೆಲ್ಲ ಬೇರೆ ಲೈನು, ಅದಕ್ಕೇ 30 ಮಿಲಿಆಂಪಿನ ಒಂದು ಆರ್‌ಸಿಬಿಒ (ಸೋರಿಕೆಗೂ ಮಿತಿಮೀರಿದ ಕರೆಂಟಿಗೂ ಬೀಳುವ ಸ್ವಿಚ್ಚು) ಇಡಿಸಿ. ಇಎಲ್‌ಸಿಬಿಯನ್ನೇ ತಪ್ಪಿಸಿ ನೇರ ಕೊಡುವವರಿದ್ದಾರೆ, ಅದು ಜೀವಕ್ಕೆ ಅಪಾಯ. ಹಾಗೆಯೇ ತಿರುಪಿನ ಹೋಲ್ಡರಿನಲ್ಲಿ ಫೇಸ್ ವಯರು ನಡುವಿನ ತುದಿಗೇ ಬರಬೇಕು. ತಿರುಪಿನ ಲೋಹಕ್ಕೆ ಕೊಟ್ಟಿದ್ದರೆ ಬಲ್ಬು ಬದಲಿಸುವಾಗ ಶಾಕ್ ಹೊಡೆಯುತ್ತದೆ.

ಮಂಜೇಶ್ವರ, ಉಪ್ಪಳ, ಬೇಕಲದಂಥ ಕಡಲ ಬದಿಯಲ್ಲಿ ಕಬ್ಬಿಣದ ಮೇಲೆ ಚಿನ್ನದ ಬಣ್ಣ ಬಳಿದ ಲೈಟು ಹೆಚ್ಚು ಕಾಲ ಬಾಳುವುದಿಲ್ಲ. ಎರಕದ ಅಲ್ಯೂಮಿನಿಯಮ್, ಪಾಲಿಕಾರ್ಬೊನೇಟ್, ಇಲ್ಲವೇ ನಿಜವಾದ ಹಿತ್ತಾಳೆ. ಅಯಸ್ಕಾಂತ ಹಿಡಿದು ನೋಡಿ; ಕಚ್ಚಿಕೊಂಡರೆ ಅದು ಹಿತ್ತಾಳೆಯಲ್ಲ. ಸ್ಕ್ರೂ ಕೂಡ ಸ್ಟೇನ್‌ಲೆಸ್ ಆಗಿರಲಿ.

ಕೆಂಪುಕಲ್ಲಿನ ಗೋಡೆಯಿದ್ದವರಿಗೆ ಅದಕ್ಕಿಂತ ಬೆಲೆಬಾಳುವ ಅಲಂಕಾರ ಬೇರೆ ಬೇಡ. ಗೋಡೆಯಿಂದ ಆರೆಂಟು ಇಂಚು ದೂರದಲ್ಲಿ ಬೆಳಕು 24 ಡಿಗ್ರಿಯಷ್ಟೇ ಹರಡುವ ಸ್ಪಾಟ್‌ಲೈಟನ್ನು ನೆಟ್ಟಗೆ ಕೆಳಕ್ಕೆ ಬಿಟ್ಟರೆ ಕಲ್ಲಿನ ಪ್ರತಿ ಕುಳಿಯೂ ನೆರಳಿನಿಂದ ಎದ್ದು ಕಾಣುತ್ತದೆ. ಗಾರೆ ಮಾಡಿದ ಗೋಡೆಗೆ ಹೀಗೆ ಮಾಡಿದರೆ ಮೇಸ್ತ್ರಿಯ ಕರಣೆಯ ಏರುತಗ್ಗೂ ಕಾಣುತ್ತದೆ, ಅಲ್ಲಿ ಎರಡೂವರೆ ಅಡಿ ದೂರ ಸರಿಸಿ 36 ಅಥವಾ 60 ಡಿಗ್ರಿಯದ್ದು ಹಾಕಿ. ಸ್ಲ್ಯಾಬಿನ ಮನೆಯಾದರೆ ಈ ಜಾಗಗಳನ್ನೆಲ್ಲ ಸ್ಲ್ಯಾಬು ಹಾಕುವ ಮೊದಲೇ ಗುರುತಿಸಿ ಪೈಪು, ಬಾಕ್ಸು ಇಡಿಸಬೇಕು. ಆಮೇಲೆ ಕಾಂಕ್ರೀಟು ಕೊರೆಯುವುದೆಂದರೆ ಖರ್ಚು ಎರಡು ಪಟ್ಟು, ಅಂದವೂ ಇಲ್ಲ.

ಸ್ಟ್ರಿಪ್ ಬೇಕೇ ಬೇಕೆಂದರೆ 12 ವೋಲ್ಟಿನದ್ದು 5 ಮೀಟರ್ ದಾಟಿದರೆ ತುದಿ ಮಂಕಾಗುತ್ತದೆ. ಉದ್ದಕ್ಕೆ 24 ವೋಲ್ಟ್ ಒಳ್ಳೆಯದು. ಮೀಟರಿಗೆ 10 ವಾಟಿನಂತೆ 5 ಮೀಟರಿಗೆ 50 ವಾಟಾದರೆ ಡ್ರೈವರ್ 60 ವಾಟಿನದ್ದಿರಲಿ. ಚುಕ್ಕೆ ಚುಕ್ಕೆಯಾಗಿ ಕಾಣದಿರಲು ಅಲ್ಯೂಮಿನಿಯಮ್ ಪಟ್ಟಿ ಮತ್ತು ಹಾಲುಬಣ್ಣದ ಮುಚ್ಚಳ ಬೇಕು. ಪಟ್ಟಿ ಬಿಸಿಯನ್ನೂ ಹೀರುತ್ತದೆ.

ಸಿಡಿಲಿನ ಲೆಕ್ಕ ಬೇರೆಯೇ. ಮಳೆಗಾಲಕ್ಕೆ ಮೊದಲಿನ ಏಪ್ರಿಲ್-ಮೇ ತಿಂಗಳ ಗುಡುಗಿನ ಹೊತ್ತಿಗೆ ಮುರಮಣ್ಣು ಒಣಗಿರುತ್ತದೆ, ಅರ್ಥಿಂಗ್ ದುರ್ಬಲವಾಗಿರುತ್ತದೆ. ಡಿಬಿಯಲ್ಲಿ (ಮನೆಯ ಸ್ವಿಚ್ಚು-ಫ್ಯೂಸಿನ ಮುಖ್ಯ ಪೆಟ್ಟಿಗೆ) ಸಿಡಿಲಿನ ಹೊಡೆತದ ವೋಲ್ಟೇಜನ್ನು ತಡೆಯುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಇಟ್ಟರೂ ಅರ್ಥ್ ಸರಿಯಿಲ್ಲದಿದ್ದರೆ ಅದು ಸುಮ್ಮನೆ ಕೂತಿರುತ್ತದೆ. ಮಾರ್ಚಿನಲ್ಲೇ ಅರ್ಥ್ ಪರೀಕ್ಷೆ ಮಾಡಿಸಿ. ಎಷ್ಟೇ ಜಾಗ್ರತೆ ಮಾಡಿದರೂ ಕೆಲವು ಡ್ರೈವರ್ ಸಾಯುತ್ತವೆ. ಆದ್ದರಿಂದ ಎಲ್‌ಇಡಿ ಒಳಗೇ ಅಂಟಿಸಿ ಮುಚ್ಚಿದ ಲೈಟಿಗಿಂತ ಸಾದಾ ಬಲ್ಬು ಹಾಕುವ ಹೋಲ್ಡರಿನದ್ದನ್ನೋ, ಡ್ರೈವರ್ ಬೇರೆಯಾಗಿ ಬಿಚ್ಚಿ ಬರುವಂಥದ್ದನ್ನೋ ಕೊಳ್ಳಿ. ಕೊಂಡ ದಿನವೇ ಅದೇ ಮಿಲಿಆಂಪಿನ ಎರಡು ಡ್ರೈವರ್ ಹೆಚ್ಚಿಗೆ ತೆಗೆದಿಡಿ, ಮರುವರ್ಷ ಆ ಮಾದರಿ ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ.