409ರ ಪುರಾಣ

ಹಾಲು ಉಕ್ಕಿ ಸೀದು ಸ್ಟೌಗೆ ಅಂಟಿಕೊಂಡಿದೆ ಅಂದುಕೊಳ್ಳಿ. ಉಜ್ಜುವವರಿಗೆ ಕಲೆ ಹೋದರೆ ಸಾಕು. ಬಾಟಲಿ ಮಾರುವವರಿಗೆ ಅಷ್ಟು ಸಾಲದು. ಅವರಿಗೊಂದು ಪುರಾಣ ಬೇಕು.

ಅಮೆರಿಕದಲ್ಲಿ ಫಾರ್ಮುಲಾ 409 ಅಂತ ಒಂದು ಸ್ಪ್ರೇ ಕ್ಲೀನರ್ ಇದೆ. 1957ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ್ದು. ಹೆಸರಿಗೆ 409 ಬಂದದ್ದು ಹೇಗೆ? 408 ಸಲ ಸೋತು, 409ನೇ ಸಲಕ್ಕೆ ಗೆದ್ದರಂತೆ. ಕೇಳಿದರೆ ಕಣ್ಣಲ್ಲಿ ನೀರು ಬರಬೇಕು. (ಕಣ್ಣಿಗೆ ಅದನ್ನೇ ಹೊಡೆದುಕೊಂಡರೂ ಬರುತ್ತದೆ.)

ನನ್ನ ಅನುಮಾನವೆಲ್ಲ ಆ 408ರ ಮೇಲೆ. 212ನೇದರಲ್ಲಿ ಏನು ಕಮ್ಮಿಯಾಗಿತ್ತು? 300 ದಾಟಿದ ಮೇಲೂ ಮನೆಯಲ್ಲಿ ಯಾರೂ ಬೈಯಲಿಲ್ವಾ? ನಮ್ಮಲ್ಲಿ ಮೈಸೂರುಪಾಕಿನ ಹದ ಕೆಟ್ಟರೆ ಎಷ್ಟನೇ ಸಲ ಅಂತ ಎಣಿಸುವುದಿಲ್ಲ. ಪುಡಿ ಮಾಡಿ, ಬೇರೆ ಹೆಸರಿಟ್ಟು, ಬಡಿಸಿಬಿಡುತ್ತೇವೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯೂಡಿ-40 ಇದೆಯಲ್ಲ, ಸ್ಯಾನ್ ಡಿಯೇಗೋದ ಅದರ ಕಂಪನಿಯವರು 40ನೇ ಸಲಕ್ಕೇ ಗೆದ್ದೆವು ಅಂತ ಹೇಳಿಕೊಂಡರು. ಪಾಪ, ಕಷ್ಟಪಟ್ಟದ್ದು ಸಾಲದು.

ಇನ್ನೊಂದು ಗಾಳಿಮಾತೂ ಇದೆ. ಹೆಸರು ಷೆವರ್ಲೆ ಕಾರಿನ 409 ಇಂಜಿನ್‌ನಿಂದ ಬಂತಂತೆ. ಆ ಇಂಜಿನ್ ಬಂದದ್ದು 1961ರಲ್ಲಿ. ಅಂದರೆ ಅಪ್ಪನಿಗಿಂತ ನಾಲ್ಕು ವರ್ಷ ಮೊದಲೇ ಮಗ ಹುಟ್ಟಿದ್ದ. ಪುರಾಣದಲ್ಲಿ ಇದೆಲ್ಲ ನಡೆಯುತ್ತೆ ಬಿಡಿ.

ಆದರೆ ನಿಜವಾದ ತಮಾಷೆ ನಡೆದದ್ದು ಡೆನ್ವರ್‌ನಲ್ಲಿ. 1960ರ ದಶಕದಲ್ಲಿ ವಿಲ್ಸನ್ ಹ್ಯಾರೆಲ್ ಎಂಬಾತ ಈ ಬ್ರ್ಯಾಂಡನ್ನು 30,000 ಡಾಲರಿಗೆ ಕೊಂಡ. ಮಾರಾಟ ಚೆನ್ನಾಗಿ ಕುದುರಿತು. ಅದು ಸೋಪು-ಪೌಡರ್ ಮಾರುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಎಂಬ ಆನೆಯ ಕಣ್ಣಿಗೆ ಬಿತ್ತು. ಆನೆ 'ಸಿಂಚ್' ಅಂತ ತನ್ನದೇ ಸ್ಪ್ರೇ ಮಾಡಿತು. ಸಿಂಚ್ ಅಂದರೆ ಅಲ್ಲಿಯ ಮಾತಿನಲ್ಲಿ ಸಲೀಸು ಕೆಲಸ. ದೊಡ್ಡ ಕಂಪನಿ ಅಲ್ವಾ, ಸುಮ್ನೆ ಅಂಗಡಿಗೆ ಇಳಿಸುವುದಿಲ್ಲ. ಮೊದಲು ಒಂದು ಊರಿನಲ್ಲಿ ಮಾರಿ ನೋಡಬೇಕು, ಲೆಕ್ಕ ಬರೆಯಬೇಕು. ಡೆನ್ವರನ್ನು ಆರಿಸಿದರು.

ಹ್ಯಾರೆಲ್‌ಗೆ ಸುದ್ದಿ ತಿಳಿಯಿತು. ಜಗಳಕ್ಕೆ ಹೋಗಲಿಲ್ಲ. ಡೆನ್ವರ್‌ಗೆ ತನ್ನ ಮಾಲು ಕಳಿಸುವುದನ್ನೇ ಸದ್ದಿಲ್ಲದೆ ನಿಲ್ಲಿಸಿಬಿಟ್ಟ. ಶೆಲ್ಫಿನಲ್ಲಿ 409 ಇದ್ದ ಜಾಗ ಮೆಲ್ಲಗೆ ಖಾಲಿಯಾಯಿತು. ಪಕ್ಕದಲ್ಲಿ ಸಿಂಚ್ ಕೂತಿತ್ತು. ಜನ ಕೈಗೆ ಸಿಕ್ಕಿದ್ದನ್ನು ಬುಟ್ಟಿಗೆ ಹಾಕಿಕೊಂಡರು. ಪರೀಕ್ಷೆಗೆ ಕೂತವನು ಒಬ್ಬನೇ ಆದರೆ ಮೊದಲ ರ‍್ಯಾಂಕ್ ಯಾರಿಗೆ? ಫಲಿತಾಂಶ ನೋಡಿ ಕಂಪನಿಗೆ ಖುಷಿಯೋ ಖುಷಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು, ಅದೂ ದೇಶದ ಅಳತೆಗೆ.

ಸಿಂಚ್ ದೇಶದ ಅಂಗಡಿಗಳಿಗೆ ಹೊರಡುವ ಹೊತ್ತಿಗೆ ಹ್ಯಾರೆಲ್ 16 ಔನ್ಸಿನ ಬಾಟಲಿಗೆ ಅರ್ಧ ಗ್ಯಾಲನ್ನಿನ ಬಾಟಲಿ ಕಟ್ಟಿ, ಎರಡೂ ಸೇರಿ 1.48 ಡಾಲರ್ ಅಂದ. ಅಂದರೆ ಎರಡು ಲೀಟರಿಗಿಂತ ಜಾಸ್ತಿ ದ್ರವ! ಎಷ್ಟು ಗಲೀಜಿನ ಅಡುಗೆಮನೆಯಾದರೂ ಆರು ತಿಂಗಳು ಬರುತ್ತದೆ. ಜನ ಹೊತ್ತುಕೊಂಡು ಹೋದರು. ಹೊಸ ಸ್ಪ್ರೇಗೆ ಗಿರಾಕಿಗಳೇ ಉಳಿಯಲಿಲ್ಲ. ಸಿಂಚ್ ಹೇಳ ಹೆಸರಿಲ್ಲದಂತಾಯಿತು. ಮುಂದೆ ಹ್ಯಾರೆಲ್ ತನ್ನ ಬ್ರ್ಯಾಂಡನ್ನು ಬ್ಲೀಚ್ ಮಾರುವ ಕ್ಲೋರಾಕ್ಸ್ ಕಂಪನಿಗೆ ಸುಮಾರು 70 ಲಕ್ಷ ಡಾಲರಿಗೆ ಮಾರಿದ.

ಸಿಂಚ್ ಎಷ್ಟನೇ ಸಲಕ್ಕೆ ತಯಾರಾಗಿತ್ತೋ ಏನೋ. ಅದನ್ನು ಯಾರೂ ಬಾಟಲಿಯ ಮೇಲೆ ಬರೆಯಲಿಲ್ಲ.