ಮೊರ್ದಾಸೊವ್ ನಗುತ್ತದೆ, ತಿಪಟೂರು ತಲೆದೂಗುತ್ತದೆ

ನಮ್ಮ ಮನೆಯ ಸಂಕಟವೊಂದನ್ನು ಹೇಳಿಕೊಂಡಾಗ ಎದುರಿಗಿದ್ದವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕುಬಿಟ್ಟರೆ ಯಾರಿಗಾದರೂ ಚುರುಕ್ಕೆನ್ನುತ್ತದೆ. ವೈದ್ಯಕೀಯ ಓದಲೆಂದು ರಷ್ಯಾದ ತ್ವೇರ್ ಪಟ್ಟಣಕ್ಕೆ ಬಂದು ಇಲ್ಲಿಯೇ ಕೆಲಸ ಹಿಡಿದು ನೆಲೆಸಿರುವ ನನ್ನನ್ನು, ಪಕ್ಕದ ಮನೆಯಲ್ಲಿರುವ ನಿವೃತ್ತ ಸಾಹಿತ್ಯ ಅಧ್ಯಾಪಕಿಯೊಬ್ಬರು ಆಗಾಗ ಚಹಾಕ್ಕೆ ಕರೆಯುತ್ತಾರೆ. ತಿಪಟೂರಿನಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ ಮಾತುಕತೆ ನಡೆದ ಬಗೆಯನ್ನು ಒಮ್ಮೆ ಅವರಿಗೆ ವಿವರಿಸಿದೆ. ಗಂಡಿನ ಕಡೆಯವರು ‘ನಮಗೇನೂ ಬೇಡ’ ಎಂದೇ ಆರಂಭಿಸಿ, ತಟ್ಟೆಯಲ್ಲಿದ್ದ ಕೇಸರಿಬಾತು ಖಾಲಿಯಾಗುವ ಹೊತ್ತಿಗೆ ನೆಲಮಂಗಲದ ಕಡೆ ಒಂದು ಸೈಟು, ಹುಡುಗನಿಗೆ ಒಂದು ಕಾರು, ಛತ್ರದ ಪೂರ್ತಿ ಖರ್ಚು ಎಂಬಲ್ಲಿಗೆ ಬಂದು ನಿಂತಿದ್ದರು. ಆಕೆ ಅಯ್ಯೋ ಎನ್ನುತ್ತಾರೆಂದುಕೊಂಡಿದ್ದೆ. ಬದಲಿಗೆ ನಕ್ಕರು, ಕನ್ನಡಕ ಒರೆಸಿಕೊಂಡು ಮತ್ತೆ ನಕ್ಕರು, ಇದು ಅಪ್ಪಟ ಮೊರ್ದಾಸೊವ್ ಎಂದು ಹೇಳಿ ದಾಸ್ತೊಯೆವ್‌ಸ್ಕಿಯ ‘ಮಾವನ ಕನಸು’ ಎಂಬ ನೀಳ್ಗತೆಯಿದ್ದ ಸಂಪುಟವನ್ನು ಕೈಗಿತ್ತರು.

ಕೋಪದಿಂದಲೇ ಓದಲು ಕುಳಿತೆನಾದರೂ ಕೋಪ ಬಹಳ ಹೊತ್ತು ಉಳಿಯಲಿಲ್ಲ. ಸೈಬೀರಿಯಾದಲ್ಲಿ ಕಠಿಣ ಶಿಕ್ಷೆ ಮುಗಿಸಿ, ಸೆಮಿಪಲಾತಿನ್‌ಸ್ಕ್ ಎಂಬ ದೂರದ ಊರಿನಲ್ಲಿ ಸೈನಿಕನಾಗಿ ದಿನ ದೂಡುತ್ತಿದ್ದ ಲೇಖಕ ಮತ್ತೆ ಅಚ್ಚಿನ ಮುಖ ಕಾಣಬೇಕೆಂಬ ಹಂಬಲದಿಂದ ಬರೆದ ಈ ಕತೆ 1859ರ ಮಾರ್ಚ್ ತಿಂಗಳಲ್ಲಿ ಪ್ರಕಟವಾಯಿತು. ಅದೇ ವರ್ಷದ ಕೊನೆಯ ತಿಂಗಳುಗಳನ್ನು ಅವನು ಕಳೆದದ್ದು ನಮ್ಮ ಈ ತ್ವೇರಿನಲ್ಲಿಯೇ; ಪತ್ರಗಳಲ್ಲಿ ಊರನ್ನು ಚೆನ್ನಾಗಿ ಬೈದೂ ಇದ್ದಾನೆ. ಮೊರ್ದಾಸೊವ್ ಭೂಪಟದಲ್ಲಿಲ್ಲದ ಊರು. ಅಲ್ಲಿ ಮಾರ್ಯಾ ಅಲೆಕ್ಸಾಂದ್ರೊವ್ನಾ ಎಂಬ ಊರ ಮುಖ್ಯ ಮಹಿಳೆ ಇದ್ದಾಳೆ. ಅವಳ ಮಗಳು ಜೀನಾ ಇಪ್ಪತ್ತು ದಾಟಿದ ಚೆಲುವೆ, ಮನಸ್ಸನ್ನು ಕ್ಷಯರೋಗಿಯಾದ ಬಡ ಶಿಕ್ಷಕನೊಬ್ಬನಿಗೆ ಕೊಟ್ಟಿದ್ದಾಳೆ. ಅವಳನ್ನು ಬಯಸುವ ಮೊಜ್ಗ್ಲ್ಯಾಕೊವ್ ಎಂಬ ಯುವಕ, ದಾರಿಯಲ್ಲಿ ಗಾಡಿ ಮಗುಚಿ ಬಿದ್ದ ಮುದಿ ರಾಜಕುಮಾರನೊಬ್ಬನನ್ನು ಎತ್ತಿ ತಂದು ಇವರ ಮನೆಗೆ ಸೇರಿಸುತ್ತಾನೆ.

ಈ ರಾಜಕುಮಾರನ ತಲೆಗೂದಲು, ಮೀಸೆ, ಕೆನ್ನೆಗಡ್ಡ ಎಲ್ಲವೂ ಅಂಟಿಸಿದ್ದು. ಒಂದು ಕಣ್ಣು ಗಾಜಿನದು. ಬೈರನ್ ತನಗೆ ಪರಿಚಯವಿದ್ದನೆಂದು ಮುದುಕ ಹೇಳಿಕೊಳ್ಳುತ್ತಾನೆ, ಬೆಳಗ್ಗೆ ಹೇಳಿದ್ದು ಸಂಜೆಗೆ ನೆನಪಿರುವುದಿಲ್ಲ. ಆದರೆ ಅವನಿಗೆ 4,000 ಜೀತದಾಳುಗಳಿರುವ ಜಮೀನಿದೆ. ಮಾರ್ಯಾ ಅಲೆಕ್ಸಾಂದ್ರೊವ್ನಾಗೆ ಅಷ್ಟು ಸಾಕು. ಈ ಮುದುಕನಿಗೆ ಮಗಳನ್ನು ಕಟ್ಟುವುದೆಂದು ಅವಳು ಒಂದೇ ದಿನದಲ್ಲಿ ನಿಶ್ಚಯಿಸುತ್ತಾಳೆ, ಮತ್ತು ಇಲ್ಲಿಂದ ಮುಂದಿನದು ಪ್ರತಿಭೆಯ ಪ್ರದರ್ಶನ. ಮಗಳಿಗೆ ಅವಳು ಹೇಳುವುದೇನೆಂದರೆ, ಇದು ಅನಾಥ ವೃದ್ಧನ ಸೇವೆ, ಪುಣ್ಯದ ಕೆಲಸ. ಅವನು ಇನ್ನೆಷ್ಟು ದಿನ ಇದ್ದಾನು, ಆಮೇಲೆ ಆ ಹಣದಿಂದಲೇ ನಿನ್ನ ಶಿಕ್ಷಕನ ಜೀವ ಉಳಿಸಬಹುದು. ಸ್ಪೇನಿಗೆ ಹೋಗಬಹುದು, ಅಲ್ಲಿ ಗ್ವಾದಲ್‌ಕಿವೀರ್ ನದಿಯಿದೆ, ನಮ್ಮೂರ ಈ ಕೊಳಕು ಹಳ್ಳದ ಹಾಗಲ್ಲ. ಮುಂದೆ ಅದೇ ಮುದುಕನ ಅದೇ ಸಾವನ್ನು ಮೊಜ್ಗ್ಲ್ಯಾಕೊವ್‌ಗೂ ತೋರಿಸಿ, ಶ್ರೀಮಂತ ವಿಧವೆಯಾದ ಜೀನಾ ನಿನಗೇ ಸಿಗುತ್ತಾಳೆ ಎಂದು ನಂಬಿಸುತ್ತಾಳೆ. ಒಂದು ಸಾವನ್ನು ಇಬ್ಬರಿಗೆ ಮಾರಿ, ಲಾಭವನ್ನು ತಾನಿಟ್ಟುಕೊಳ್ಳುವ ಈ ವ್ಯಾಪಾರವನ್ನು ಓದಿ ನಗದಿರಲು ನನ್ನಿಂದಾಗಲಿಲ್ಲ. ಹಳ್ಳಿಯಲ್ಲಿ ಚಹಾ ಕುಡಿದುಕೊಂಡಿದ್ದ ಗಂಡನನ್ನು ಹೆಣ್ಣಿನ ತಂದೆಯಾಗಿ ಕೂರಿಸಲೆಂದು ಊರಿಗೆ ಕರೆತಂದು, ಯಾರು ಏನು ಕೇಳಿದರೂ ‘ಹ್ಞುಂ’ ಎಂದಷ್ಟೇ ಹೇಳಬೇಕೆಂದು ಅವಳು ತಾಲೀಮು ಮಾಡಿಸುವ ಭಾಗವಂತೂ ನನಗೆ ನಮ್ಮ ಎಷ್ಟೋ ಹಿರಿಯರ ಮುಖಗಳನ್ನು ನೆನಪಿಗೆ ತಂದಿತು.

ಈ ಯೋಜನೆ ಮುರಿದು ಬೀಳುವುದು ಬಾಗಿಲ ಹಿಂದಿದ್ದ ಕಿವಿಗಳಿಂದ. ಮನೆಯಲ್ಲೇ ಆಶ್ರಯ ಪಡೆದಿದ್ದ ಬಂಧು ನಸ್ತಾಸ್ಯಾ ಪೆತ್ರೊವ್ನಾ ಕದ್ದು ಕೇಳುತ್ತಾಳೆ, ಮೊಜ್ಗ್ಲ್ಯಾಕೊವ್‌ನನ್ನೂ ಕರೆತಂದು ಕೇಳಿಸುತ್ತಾಳೆ. ಊರ ಹೆಂಗಸರಿಗೆ ಸುದ್ದಿ ತಲುಪಿ, ಕರೆಯದಿದ್ದರೂ ಗುಂಪಾಗಿ ಬಂದು ಕುಳಿತುಕೊಳ್ಳುತ್ತಾರೆ. ಮೊಜ್ಗ್ಲ್ಯಾಕೊವ್ ಆಗತಾನೆ ನಿದ್ದೆಯಿಂದೆದ್ದ ಮುದುಕನಿಗೆ, ನೀವು ಜೀನಾಳ ಕೈ ಬೇಡಿದ್ದು ಕನಸಿನಲ್ಲಿ ಎಂದು ನಂಬಿಸಿರುತ್ತಾನೆ. ತುಂಬಿದ ಸಭೆಯಲ್ಲಿ ಮುದುಕ ಆ ಕನಸನ್ನೇ ಹಿಡಿದು ಕೂರುತ್ತಾನೆ. ಇಂಥ ಬಾಗಿಲುಗಳು ರಷ್ಯನ್ ಹಾಸ್ಯದಲ್ಲಿ ಎಲ್ಲೆಲ್ಲೂ ಇವೆ. ಗೋಗೋಲನ 1842ರ ‘ಮದುವೆ’ ನಾಟಕ ನಡೆಯುವುದು ರಾಜಧಾನಿಯಲ್ಲಾದರೂ ಅದರ ವರರೆಲ್ಲ ಸೇರಿ ಬೀಗದ ಕಿಂಡಿಗೆ ಮುಗಿಬಿದ್ದು, ಒಳಗೆ ಕಾಣುವ ಬಿಳಿಯ ವಸ್ತು ಹೆಣ್ಣೋ ದಿಂಬೋ ಎಂದು ತಿಳಿಯದೆ ಒದ್ದಾಡುತ್ತಾರೆ. ಅವರಲ್ಲೊಬ್ಬ ಹೆಣ್ಣಿಗಿಂತ ಮೊದಲು ಮನೆಯ ಆಸ್ತಿಪಟ್ಟಿಯನ್ನು ಕೈಯಲ್ಲಿ ಹಿಡಿದು ತಾಳೆ ನೋಡಲು ಬಂದವನು. ಚೆಕಾಫ್ 1886ರಲ್ಲಿ ಬರೆದ ಒಂದೂವರೆ ಪುಟದ ಕತೆಯೊಂದರಲ್ಲಿ, ಮಗಳು ಮತ್ತು ಶಾಲಾ ಶಿಕ್ಷಕನ ಪ್ರೇಮದ ಮಾತು ಪಕ್ವವಾಗುವುದನ್ನೇ ಅಪ್ಪ ಅಮ್ಮ ಬಾಗಿಲ ಹಿಂದೆ ಕಾದಿರುತ್ತಾರೆ. ದೇವರ ಪಟ ಹಿಡಿದು ಒಮ್ಮೆ ಆಶೀರ್ವದಿಸಿಬಿಟ್ಟರೆ ಹುಡುಗ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಅವರ ಲೆಕ್ಕ. ಗಡಿಬಿಡಿಯಲ್ಲಿ ತಾಯಿ ಗೋಡೆಯಿಂದ ಕಿತ್ತು ತಂದದ್ದು ಒಬ್ಬ ಕಾದಂಬರಿಕಾರನ ಭಾವಚಿತ್ರ, ಆ ಗೊಂದಲದಲ್ಲಿ ಶಿಕ್ಷಕ ಓಟ ಕೀಳುತ್ತಾನೆ.

ನನಗೆ ಇಲ್ಲಿ ಹೊಳೆದದ್ದು ಇಷ್ಟು: ನಗು ಹುಟ್ಟಬೇಕಾದರೆ ಬಾಗಿಲ ಹೊರಗೆ ಯಾರಾದರೂ ಇರಬೇಕು. ಮೊರ್ದಾಸೊವಿನಲ್ಲಿ ದುಡ್ಡಿನ ಆಸೆಯನ್ನು ಮುಚ್ಚಿಡಬೇಕಾಗುತ್ತದೆ, ಏಕೆಂದರೆ ಮದುವೆಗೆ ಪ್ರೀತಿಯೋ ಗೌರವವೋ ಕಾರಣವೆಂದು ಊರು ನಂಬಿದಂತೆ ನಟಿಸುತ್ತದೆ. ಮುಚ್ಚಿಟ್ಟದ್ದು ಹೊರಬಿದ್ದಾಗ ಊರು ಚಪ್ಪಾಳೆ ತಟ್ಟುತ್ತದೆ. ನಮ್ಮ ನಡುಮನೆಯಲ್ಲಿ ಯಾರು ಹೊರಗಿರುತ್ತಾರೆ? ಚಾಪೆಯ ಮೇಲೆ ಎರಡೂ ಕಡೆಯ ಹಿರಿಯರು, ಅಡುಗೆಮನೆಯ ಬಾಗಿಲಲ್ಲಿ ಹೆಂಗಸರು, ಜಗುಲಿಯಲ್ಲಿ ಪಕ್ಕದ ಮನೆಯವರು, ನಡುವೆ ಮಾತು ಕುದುರಿಸಲು ಬಂದ ನೆಂಟರೊಬ್ಬರು. ಕದ್ದು ಕೇಳುವ ಅಗತ್ಯವೇ ಯಾರಿಗೂ ಇಲ್ಲ. ‘ನಿಮ್ಮ ಮಗಳಿಗೆ ನೀವು ಏನು ಮಾಡ್ತೀರೋ ಮಾಡಿ, ಮದುವೆ ಮಾತ್ರ ನಾಲ್ಕು ಜನ ಮೆಚ್ಚುವ ಹಾಗೆ ಮಾಡಿಕೊಡಿ’ ಎಂದು ಹುಡುಗನ ತಂದೆ ಹೇಳಿದಾಗ ಅದರ ಬೆಲೆ ಎಷ್ಟೆಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ, ಮತ್ತು ಎಲ್ಲರೂ ಗಂಭೀರವಾಗಿ ತಲೆದೂಗುತ್ತಾರೆ. ವರದಕ್ಷಿಣೆ ಕೊಡುವುದು, ಕೇಳುವುದು ಎರಡೂ ಅಪರಾಧವೆಂದು 1961ರಲ್ಲಿಯೇ ಕಾಯ್ದೆಯಾಗಿದೆ. ಅದೂ ಅವರಿಗೆ ಗೊತ್ತು. ನನ್ನ ಚಿಕ್ಕಪ್ಪ ಆ ದಿನ ಹೆಗಲ ಮೇಲಿನ ಟವೆಲಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಡಿಸುತ್ತ ಕುಳಿತಿದ್ದರಂತೆ. ತೆಂಗಿನ ತೋಟದ ಮೇಲೆ ಎಷ್ಟು ಸಾಲ ಹುಟ್ಟೀತೆಂಬ ಲೆಕ್ಕ ಅವರ ತಲೆಯಲ್ಲಿ ಓಡುತ್ತಿತ್ತೆಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ.

ಹಣ ಯಾವ ಕಡೆಗೆ ಹರಿಯುತ್ತದೆ ಎಂಬುದೂ ನಗುವಿಗೆ ಮುಖ್ಯವೆಂದು ತೋರುತ್ತದೆ. ಅಂದಿನ ರಷ್ಯಾದಲ್ಲಿ ಕುಲೀನ ಮನೆತನದ ವಿವಾಹಿತ ಹೆಣ್ಣು ತನ್ನ ಆಸ್ತಿಯನ್ನು ಗಂಡನ ಅನುಮತಿಯಿಲ್ಲದೆ ಮಾರಬಹುದಿತ್ತು. 1753ರಿಂದಲೇ ಆ ಹಕ್ಕು ಇತ್ತು. ಗಂಡ ಸತ್ತರೆ ಅವನ ಸ್ಥಿರಾಸ್ತಿಯಲ್ಲಿ ಏಳನೇ ಒಂದು ಪಾಲು, ಚರಾಸ್ತಿಯಲ್ಲಿ ನಾಲ್ಕನೇ ಒಂದು ಪಾಲು ಕಾನೂನಿನಂತೆಯೇ ವಿಧವೆಗೆ ಬರುತ್ತಿತ್ತು. ಮುದುಕ ಉಯಿಲಿನಲ್ಲಿ ಏನೂ ಬರೆಯದೆ ಹೋದರೂ 4,000ದ ಏಳನೇ ಒಂದು ಪಾಲೆಂದರೆ 570ಕ್ಕೂ ಮೇಲೆ ಜೀತದಾಳುಗಳ ಎಸ್ಟೇಟು! ಹೀಗಾಗಿ ಅಲ್ಲಿ ಹೆಣ್ಣಿನ ತಾಯಿಗೆ ಸಂಚು ಹೂಡಲು ಕಾರಣವಿತ್ತು, ಜಾಣತನಕ್ಕೆ ಅವಕಾಶವಿತ್ತು, ಸೋತರೆ ನಗಲು ಊರಿಗೆ ಹಕ್ಕಿತ್ತು. ನಮ್ಮಲ್ಲಿ ಹೆಣ್ಣಿನ ಮನೆಯವರು ಕೊಡುವವರು. ಕೊಡುವವನಿಗೆ ಸಂಚು ಬೇಕಿಲ್ಲ, ಸೊಸೈಟಿಯಲ್ಲಿ ಸಾಲ ಸಿಕ್ಕರೆ ಸಾಕು. ತೆಗೆದುಕೊಳ್ಳುವವನಿಗೂ ಸಂಚು ಬೇಕಿಲ್ಲ, ಮಗನೊಬ್ಬನಿದ್ದರೆ ಸಾಕು. ಜಾಣತನವೇ ಬೇಡದ ಕಡೆ ಹಾಸ್ಯಗಾರ ಏನನ್ನು ಬರೆಯಬೇಕು?

ಇಂದಿನ ರಷ್ಯಾದಲ್ಲಿ ಮದುವೆಯ ಬೆಳಗ್ಗೆ ಹಣದ ಮಾತು ಒಂದು ಆಟವಾಗಿ ಉಳಿದುಕೊಂಡಿದೆ. ನನ್ನ ಸಹೋದ್ಯೋಗಿಯೊಬ್ಬನ ಮದುವೆಯಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಹುಡುಗಿಯ ಫ್ಲಾಟು ಐದನೆಯ ಮಹಡಿಯಲ್ಲಿ. ಪ್ರತಿ ಮಹಡಿಯ ಮೆಟ್ಟಿಲಿಗೂ ಅವಳ ಗೆಳತಿಯರು ರಿಬ್ಬನ್ ಕಟ್ಟಿ ನಿಂತಿದ್ದರು. ಒಗಟು ಬಿಡಿಸಬೇಕು, ಹಾಡಬೇಕು, ಕಾಗದದ ಮೇಲಿನ ಲಿಪ್‌ಸ್ಟಿಕ್ ಗುರುತುಗಳಲ್ಲಿ ತನ್ನವಳದು ಯಾವುದೆಂದು ಹೇಳಬೇಕು. ತಪ್ಪಿದರೆ ದಂಡ: ಚಾಕೊಲೇಟು, ಚಿಲ್ಲರೆ, ನೂರು ರೂಬಲ್ ನೋಟು. ಇದಕ್ಕೆ ಅವರು ವಧುವನ್ನು ಬಿಡಿಸಿಕೊಳ್ಳುವ ಶಾಸ್ತ್ರವೆನ್ನುತ್ತಾರೆ. ಹುಡುಗ ಮೂರನೆಯ ಮಹಡಿಯಲ್ಲೇ ಜೇಬು ಖಾಲಿ ಮಾಡಿಕೊಂಡು ಗೆಳೆಯರಲ್ಲಿ ಸಾಲ ಕೇಳುತ್ತಿದ್ದ. ಮೆಟ್ಟಿಲ ಮೇಲಿದ್ದ ಅಜ್ಜಿಯರು ಬಿದ್ದು ಬಿದ್ದು ನಗುತ್ತಿದ್ದರು. ವ್ಯಾಪಾರವನ್ನು ಮೆಟ್ಟಿಲ ಮೇಲೆ ನಗೆಯಾಗಿ ಮುಗಿಸಿದವರಿಗೆ ಒಳಗಿನ ಮೇಜಿನ ಮುಂದೆ ಅದು ಬೇಕಾಗಲಿಲ್ಲ ಎಂದು ಆ ದಿನ ನನಗೆ ಅನ್ನಿಸಿತು. ನಮ್ಮ ಮನೆಗಳಲ್ಲಿ ತಂಗಿಯರು ಬಾಗಿಲು ತಡೆದು ನಿಲ್ಲುವುದಿಲ್ಲವೇ ಎಂದು ನೀವು ಕೇಳಬಹುದು. ನಿಲ್ಲುತ್ತಾರೆ, ಆದರೆ ಅಷ್ಟು ಹೊತ್ತಿಗೆ ಕಾರು ಬುಕ್ ಆಗಿರುತ್ತದೆ.

ಊರಿಗೆ ಫೋನು ಮಾಡಿದಾಗ ದೊಡ್ಡಮ್ಮನಿಗೆ ಇಷ್ಟನ್ನೂ ಹೇಳಿದೆ. ‘ಅಲ್ಲಿ ಕೂತ್ಕೊಂಡು ನಗೋದು ಸುಲಭ ಕಣಪ್ಪ, ಇಲ್ಲಿ ಹುಡುಗಿಗೆ ಇಪ್ಪತ್ತೆಂಟಾಯ್ತು’ ಎಂದರು. ಅವರ ಮಾತಿನಲ್ಲಿ ನ್ಯಾಯವಿರುವುದರಿಂದ, ಮನಸ್ಸಿಲ್ಲದಿದ್ದರೂ ಕೆಲವು ವಿಷಯಗಳನ್ನು ಒಪ್ಪಿಕೊಳ್ಳಬೇಕಾಗಿದೆ.

ರಷ್ಯನ್ನರು ಎಲ್ಲವನ್ನೂ ನಕ್ಕು ಕಳೆದವರಲ್ಲ. ಒಸ್ತ್ರೊವ್‌ಸ್ಕಿಯ 1878ರ ನಾಟಕದಲ್ಲಿ ವೋಲ್ಗಾ ದಂಡೆಯ ಊರೊಂದರ ಲರೀಸಾ ಎಂಬ ಹುಡುಗಿಗೆ ವರದಕ್ಷಿಣೆ ಕೊಡಲು ಮನೆಯಲ್ಲಿ ಏನೂ ಇಲ್ಲ. ಅವಳು ಯಾರ ಪಾಲಿಗೆಂದು ಇಬ್ಬರು ವ್ಯಾಪಾರಿಗಳು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ, ಕೊನೆಗೆ ಅವಳನ್ನು ಮದುವೆಯಾಗಲಿದ್ದವನೇ ಗುಂಡಿಟ್ಟು ಕೊಲ್ಲುತ್ತಾನೆ. ಅಲ್ಲಿ ಯಾರೂ ನಗುವುದಿಲ್ಲ. ಮೊರ್ದಾಸೊವಿನ ನಗುವನ್ನು ಬರೆದವನಿಗೇ ಅದರ ಮೇಲೆ ಅಂಥ ಅಭಿಮಾನವಿರಲಿಲ್ಲ. 1873ರಲ್ಲಿ ಅದನ್ನು ರಂಗಕ್ಕೆ ತರಲು ಒಬ್ಬರು ಅನುಮತಿ ಕೇಳಿದಾಗ, ಸೆನ್ಸಾರಿಗೆ ಹೆದರಿ ಬರೆದ ಮುಗ್ಧ ಬರಹವೆಂಬರ್ಥದಲ್ಲಿ ಅದನ್ನು ತಳ್ಳಿಹಾಕಿದ.

ನಾವು ನಗಲೇ ಇಲ್ಲವೆಂಬ ನನ್ನ ದೂರು ಕೂಡ ಪೂರ್ತಿ ನಿಲ್ಲುವುದಿಲ್ಲ. ಉತ್ತರ ಕನ್ನಡದ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿಯೇ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವನ್ನು ಬರೆದು, ಹಣ ಪಡೆದು ಹೆಣ್ಣು ಕೊಡುವ ತಮ್ಮವರನ್ನೇ ರಂಗದ ಮೇಲೆ ನಿಲ್ಲಿಸಿದರು. ಆಗ ಹಣ ಹೆಣ್ಣಿನ ತಂದೆಯ ಕಡೆಗೆ ಹರಿಯುತ್ತಿತ್ತು, ಹಾಗಾಗಿ ನಗೆ ಹುಟ್ಟಿತು ಎಂದು ನನ್ನ ವಾದವನ್ನು ಉಳಿಸಿಕೊಳ್ಳಬಹುದಿತ್ತು. ಆದರೆ ಕೈಲಾಸಂ ಅದಕ್ಕೂ ಅವಕಾಶ ಕೊಡುವುದಿಲ್ಲ. ವರದಕ್ಷಿಣೆಯನ್ನು ತಾಳಿ ಕಟ್ಟುವವನು ಕೇಳುವ ಕೂಲಿಯೆಂದು ನಾಟಕದ ಹೆಸರಿನಲ್ಲೇ ಕುಟುಕಿದವರು ಅವರು. ಬೆಂಗಳೂರಿನ ಜನ ಆ ನಾಟಕಗಳಿಗೆ ಹೋಗಿ ನಕ್ಕು, ಮನೆಗೆ ಬಂದು ಮಗನ ಜಾತಕ ತೆಗೆದಿರಬೇಕೆಂಬುದು ನನ್ನ ಅನುಮಾನ, ಅಷ್ಟೇ.

ಅನುಮಾನಕ್ಕೆ ಆಧಾರ ಮೊರ್ದಾಸೊವಿನಲ್ಲಿಯೇ ಇದೆ. ಜೀನಾ ಸಭೆಯೆದುರು ಎಲ್ಲವನ್ನೂ ಒಪ್ಪಿಕೊಳ್ಳುತ್ತಾಳೆ, ಮುದುಕ ಮೂರನೆಯ ದಿನ ಹೋಟೆಲಿನಲ್ಲಿ ಸಾಯುತ್ತಾನೆ, ಶಿಕ್ಷಕನೂ ಉಳಿಯುವುದಿಲ್ಲ, ತಾಯಿ ಮಗಳು ಮನೆ ಮಾರಿ ಊರು ಬಿಡುತ್ತಾರೆ. ಊರು ಗೆದ್ದಿತೆಂದುಕೊಳ್ಳುವಷ್ಟರಲ್ಲಿ, ವರ್ಷಗಳ ನಂತರ ದೂರದ ಪ್ರಾಂತವೊಂದಕ್ಕೆ ಕೆಲಸದ ಮೇಲೆ ಹೋದ ಮೊಜ್ಗ್ಲ್ಯಾಕೊವ್ ಅಲ್ಲಿನ ಮುದಿ ಗವರ್ನರ್ ಜನರಲ್‌ನ ಮನೆಯ ನೃತ್ಯಕೂಟದಲ್ಲಿ ಯಜಮಾನಿಯನ್ನು ನೋಡುತ್ತಾನೆ: ಅದೇ ಜೀನಾ. ಪಕ್ಕದಲ್ಲಿ ದೊಡ್ಡವರೊಂದಿಗೆ ಹರಟುತ್ತಿರುವವಳು ಅದೇ ಮಾರ್ಯಾ ಅಲೆಕ್ಸಾಂದ್ರೊವ್ನಾ. ಇವನ ಗುರುತು ಜೀನಾಗೆ ಹತ್ತುವುದಿಲ್ಲ. ಇವನು ಕಂಬಕ್ಕೊರಗಿ, ಯಾರೂ ಗಮನಿಸದ ವ್ಯಂಗ್ಯದ ನಗೆಯನ್ನು ಮುಖದ ಮೇಲೆ ಹೊತ್ತು ಗಂಟೆಗಟ್ಟಲೆ ನಿಂತಿರುತ್ತಾನೆ. ಈ ಕೊನೆಯನ್ನು ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ, ‘ಹುಡುಗಿ ಒಳ್ಳೇ ಕಡೆ ಸೇರಿದಳಲ್ಲ, ಆ ತಾಯಿ ಮಾಡಿದ್ದರಲ್ಲಿ ತಪ್ಪೇನು?’ ಎಂದು ಕೇಳಿಯೇ ಕೇಳುತ್ತಾರೆ.