ಸ್ಪಷ್ಟನೆ: 2015ರ ಒಪ್ಪಂದವು ಎಲ್ಲ ಸೈಬರ್ ಬೇಹುಗಾರಿಕೆಯನ್ನು ನಿಷೇಧಿಸಿಲ್ಲ

ಅಮೆರಿಕ ಮತ್ತು ಚೀನಾ 2015ರಲ್ಲಿಯೇ ಸೈಬರ್ ಬೇಹುಗಾರಿಕೆಯನ್ನು ಸಂಪೂರ್ಣವಾಗಿ ಕೈಬಿಟ್ಟಿವೆ, ಇನ್ನು ಕಂಪನಿಗಳಿಗೆ ಭಯವಿಲ್ಲ ಎಂಬ ಸಂದೇಶವೊಂದು ಮಂಗಳೂರಿನ ಬೈಕಂಪಾಡಿಯ ಉದ್ಯಮಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಶ್ವೇತಭವನದ ಅಂದಿನ ಪ್ರಕಟಣೆಯಂತೆ, ತಮ್ಮ ಕಂಪನಿಗಳಿಗೆ ಪೈಪೋಟಿಯಲ್ಲಿ ಮೇಲುಗೈ ಒದಗಿಸುವ ಉದ್ದೇಶದಿಂದ ವ್ಯಾಪಾರ ರಹಸ್ಯಗಳನ್ನೂ ಬೌದ್ಧಿಕ ಸ್ವತ್ತನ್ನೂ ಸೈಬರ್ ಮಾರ್ಗದಲ್ಲಿ ಕದಿಯುವುದಿಲ್ಲ, ತಿಳಿದೂ ಅದನ್ನು ಬೆಂಬಲಿಸುವುದಿಲ್ಲ ಎಂಬುದನ್ನಷ್ಟೇ ಎರಡೂ ಸರ್ಕಾರಗಳು ಒಪ್ಪಿಕೊಂಡಿದ್ದವು. ಸರ್ಕಾರ, ಸೇನೆಗಳ ಮೇಲಿನ ಬೇಹುಗಾರಿಕೆ ಆ ವ್ಯಾಪ್ತಿಗೆ ಬರುವುದೇ ಇಲ್ಲ. ಭಯವಿಲ್ಲವೆಂಬ ಮಾತಿಗೂ ಆಧಾರವಿಲ್ಲ: 2018ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಇಬ್ಬರು ಚೀನೀಯರ ಮೇಲೆ, ಐಟಿ ಸೇವಾ ಕಂಪನಿಗಳ ಮೂಲಕ ಅವುಗಳ ಗ್ರಾಹಕರ ಜಾಲಕ್ಕೆ ನುಗ್ಗಿ ಮಾಹಿತಿ ಕದ್ದ ಆರೋಪ ಹೊರಿಸಿತು. ಚೀನಾ ಇದನ್ನು ನಿರಾಕರಿಸಿದೆ. ಕಂಪ್ಯೂಟರ್ ನಿರ್ವಹಣೆಯನ್ನು ಹೊರಗಿನವರಿಗೆ ವಹಿಸಿರುವ ನಮ್ಮೂರ ಉದ್ಯಮಗಳು ಗಮನಿಸಲೇಬೇಕಾದ ಅಂಶ ಇದೆಂದು ನನಗನಿಸುತ್ತದೆ. ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.